ಬೇಡ ಅನ್ನಲು ಒಬ್ಬರು ಸಾಕು, ಆಗಲಿ ಅನ್ನಲು ಇಬ್ಬರೂ ಬೇಕು: ಮಲೆನಾಡಿನ ಕಾಡು ಯಾರ ಕೈಯಲ್ಲಿದೆ?

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದರು, ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ. ನಮ್ಮನ್ನು ಕೇಳದೆ ದಿನ ಗೊತ್ತು ಮಾಡಿದ್ದಾರೆ ಅಂತ ರಾಜ್ಯ ಸರ್ಕಾರ ಹೇಳಿತು. ಆಹ್ವಾನ ಪತ್ರ ಕಳಿಸಿದ್ದೆವು ಅಂತ ಆ ಕಡೆಯವರು ತೋರಿಸಿದರು. ಒಂದು ವಾರ ಪೂರ್ತಿ ಜಿಲ್ಲೆಯಲ್ಲಿ ಇದೇ ಮಾತು. ಸೇತುವೆ ಯಾರದ್ದು?

ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ಉತ್ತರ ಸುಲಭ. ಅದು ರಾಷ್ಟ್ರೀಯ ಹೆದ್ದಾರಿಯ ಸೇತುವೆ, ದುಡ್ಡು ಕೇಂದ್ರದ್ದು. ಅದರ ಕೆಳಗಿರುವ ನೀರು ಲಿಂಗನಮಕ್ಕಿ ಜಲಾಶಯದ್ದು, ಅದನ್ನು ನೋಡಿಕೊಳ್ಳುವುದು ರಾಜ್ಯದ ವಿದ್ಯುತ್ ನಿಗಮ. ಸೇತುವೆ ಬರುವ ತನಕ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಜನರನ್ನು ದಾಟಿಸುತ್ತಿದ್ದ ಲಾಂಚ್ ಕೂಡ ರಾಜ್ಯದ್ದೇ. ಇಷ್ಟಕ್ಕೆ ಮುಗಿಯಿತು. ವೇದಿಕೆ ಮೇಲೆ ಯಾರು ಕೂರಬೇಕು ಎನ್ನುವುದು ಸೌಜನ್ಯದ ವಿಷಯ, ಕಾನೂನಿನದ್ದಲ್ಲ.

ಕಷ್ಟದ ಪ್ರಶ್ನೆ ಅದೇ ಹಿನ್ನೀರಿನ ದಂಡೆಯಲ್ಲಿ ಇದೆ. ಅಣೆಕಟ್ಟಿಗೆ ಜಮೀನು ಬಿಟ್ಟುಕೊಟ್ಟು ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಅರವತ್ತು ವರ್ಷ ದಾಟಿದರೂ ಪಹಣಿಯಲ್ಲಿ ಹೆಸರಿಲ್ಲ. ಬೆಂಗಳೂರಿನವರನ್ನು ಕೇಳಿದರೆ ದೆಹಲಿ ಒಪ್ಪಬೇಕು ಅನ್ನುತ್ತಾರೆ. ದೆಹಲಿ ಕಡೆಯವರನ್ನು ಕೇಳಿದರೆ ರಾಜ್ಯ ಸರಿಯಾದ ಪ್ರಸ್ತಾವನೆಯನ್ನೇ ಕಳಿಸಿಲ್ಲ ಅನ್ನುತ್ತಾರೆ. ಇಬ್ಬರ ಮಾತೂ ಒಂದು ಮಟ್ಟಿಗೆ ನಿಜ ಎನ್ನುವುದೇ ಇಲ್ಲಿನ ತೊಡಕು. ಅದು ಹೇಗೆ ಅಂತ ನೋಡೋಣ.

ಮೂರು ಪಟ್ಟಿಗಳು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರ ಮಾತ್ರ ಕಾನೂನು ಮಾಡಬಹುದಾದ ವಿಷಯಗಳದ್ದು ಒಂದು, ರಾಜ್ಯದ್ದು ಒಂದು, ಇಬ್ಬರೂ ಕೈ ಹಾಕಬಹುದಾದ ಸಮವರ್ತಿ ಪಟ್ಟಿ ಇನ್ನೊಂದು. ಸಂವಿಧಾನ ಜಾರಿಗೆ ಬಂದಾಗ ಕ್ರಮವಾಗಿ 97, 66 ಮತ್ತು 47 ವಿಷಯಗಳಿದ್ದವು. ಮೂರರಲ್ಲೂ ಇಲ್ಲದ್ದು ಕೇಂದ್ರದ ಪಾಲಿಗೆ.

ರಕ್ಷಣೆ, ರೈಲು, ವಿಮಾನ, ರಾಷ್ಟ್ರೀಯ ಹೆದ್ದಾರಿ, ವಿದೇಶ ವ್ಯಾಪಾರ ಕೇಂದ್ರದ್ದು. ಭೂಮಿ, ಕೃಷಿ, ಪೊಲೀಸ್, ಪಂಚಾಯಿತಿ ರಾಜ್ಯದ್ದು. ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ. ಸಮವರ್ತಿ ಅಂದರೆ ಇಬ್ಬರಿಗೂ ಸಮ ಅಂತ ತಿಳಿದುಕೊಳ್ಳಬೇಡಿ. ಅದರೊಳಗಿನ ವಿಷಯಕ್ಕೆ ಇಬ್ಬರೂ ಕಾನೂನು ಮಾಡಿ, ಆ ಎರಡು ಒಂದಕ್ಕೊಂದು ತಾಗಿದರೆ 254ನೇ ವಿಧಿಯ ಪ್ರಕಾರ ಕೇಂದ್ರದ ಕಾನೂನೇ ನಿಲ್ಲುತ್ತದೆ. ರಾಷ್ಟ್ರಪತಿಯ ಒಪ್ಪಿಗೆ ಪಡೆದ ರಾಜ್ಯದ ಕಾನೂನು ಆ ರಾಜ್ಯದ ಮಟ್ಟಿಗೆ ಉಳಿಯಬಹುದು, ಆದರೆ ಆ ಒಪ್ಪಿಗೆ ಸಿಗುವುದೂ ಕೇಂದ್ರ ಸಚಿವ ಸಂಪುಟದ ಸಲಹೆಯ ಮೇಲೆಯೇ ಅಲ್ವಾ.

ಹಾಗಾಗಿ ಒಂದು ವಿಷಯ ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು ಅಂದರೆ ಅದು ಸುಮ್ನೆ ಜಾಗ ಬದಲಿಸಿದ್ದಲ್ಲ. ಕೊನೆಯ ಮಾತು ಯಾರದ್ದು ಎನ್ನುವುದೇ ಬದಲಾಯಿತು ಅಂತ ಅರ್ಥ.

ಕಾಡು ಬೆಂಗಳೂರಿನ ಕೈ ತಪ್ಪಿದ್ದು ಯಾವಾಗ

1976ರ ತನಕ ಕಾಡು ರಾಜ್ಯದ ವಿಷಯವಾಗಿತ್ತು. ಯಾವುದನ್ನು ಮೀಸಲು ಅರಣ್ಯ ಮಾಡಬೇಕು, ಯಾವುದನ್ನು ಬಿಡಬೇಕು, ಯಾರಿಗೆ ಕೊಡಬೇಕು ಎಲ್ಲವೂ ರಾಜ್ಯ ಸರ್ಕಾರದ ಆದೇಶದಲ್ಲೇ ಮುಗಿಯುತ್ತಿತ್ತು. ಎಷ್ಟರಮಟ್ಟಿಗೆ ಅಂದರೆ, 1972ರಲ್ಲಿ ವನ್ಯಜೀವಿ ಸಂರಕ್ಷಣೆಗೆ ದೇಶಕ್ಕೆಲ್ಲ ಒಂದು ಕಾನೂನು ಬೇಕು ಅನ್ನಿಸಿದಾಗ ಸಂಸತ್ತು ತಾನಾಗಿ ಅದನ್ನು ಮಾಡುವಂತಿರಲಿಲ್ಲ. ನೀವೇ ಮಾಡಿಕೊಡಿ ಅಂತ ಕೆಲವು ರಾಜ್ಯಗಳ ವಿಧಾನಸಭೆಗಳು ಮೊದಲು ನಿರ್ಣಯ ಮಾಡಬೇಕಾಯಿತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ 42ನೇ ತಿದ್ದುಪಡಿ ಬಂತು. ಶಿಕ್ಷಣ, ಕಾಡು, ವನ್ಯಜೀವಿ ಸೇರಿ ಐದು ವಿಷಯಗಳು ಸಮವರ್ತಿ ಪಟ್ಟಿಗೆ ಹೋದವು. ಆ ತಿದ್ದುಪಡಿಯ ಎಷ್ಟೋ ಭಾಗವನ್ನು ನಂತರ ಬಂದ ಜನತಾ ಸರ್ಕಾರ 44ನೇ ತಿದ್ದುಪಡಿಯಲ್ಲಿ ಕಿತ್ತುಹಾಕಿತು, ಆದರೆ ಈ ಐದು ರಾಜ್ಯಗಳಿಗೆ ವಾಪಸ್ ಬರಲಿಲ್ಲ. ಒಮ್ಮೆ ದೆಹಲಿಗೆ ಹೋದ ಅಧಿಕಾರ ವಾಪಸ್ ಬರುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಹೊಸ ಅಧಿಕಾರ ಬಳಕೆಗೆ ಬಂದದ್ದು 1980ರ ಅಕ್ಟೋಬರ್ 25ರಂದು, ಅರಣ್ಯ ಸಂರಕ್ಷಣಾ ಕಾಯ್ದೆಯ ಮೂಲಕ. ಚಿಕ್ಕ ಕಾಯ್ದೆ ಅದು, ಕೆಲವೇ ಸೆಕ್ಷನ್‌ಗಳು. ಎರಡನೇ ಸೆಕ್ಷನ್ನಿನಲ್ಲೇ ಎಲ್ಲ ಇದೆ: ಕೇಂದ್ರದ ಮುಂಚಿತ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಮೀಸಲು ಅರಣ್ಯವನ್ನು ಮೀಸಲಿನಿಂದ ಬಿಡುವಂತಿಲ್ಲ, ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಕಾಯ್ದೆ ಕಾಡನ್ನು ಕೇಂದ್ರಕ್ಕೆ ಬರೆದುಕೊಡಲಿಲ್ಲ. ನೆಲ ರಾಜ್ಯದ್ದೇ. ರೇಂಜರ್, ಗಾರ್ಡ್, ಡಿಎಫ್‌ಓ ರಾಜ್ಯ ಸರ್ಕಾರದ ಕೈಕೆಳಗೇ ಇದ್ದಾರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಹಾಗೇ ಇದೆ. ಕೇಂದ್ರಕ್ಕೆ ಸಿಕ್ಕಿದ್ದು ತಡೆಯುವ ಅಧಿಕಾರ ಮಾತ್ರ. ಅರಣ್ಯವಲ್ಲದ ನೆಲವನ್ನು ಅರಣ್ಯ ಮಾಡಲು ರಾಜ್ಯದ ಒಂದು ಸಹಿ ಸಾಕು. ಅರಣ್ಯವಾದದ್ದನ್ನು ಬಿಡಿಸಲು ಎರಡು ಸಹಿ ಬೇಕು. ಅದರಲ್ಲಿ ಒಬ್ಬರು ಸಹಿ ಹಾಕದೆ ಸುಮ್ಮನೆ ಕೂತರೂ ಸಾಕು, ಕೆಲಸ ನಿಲ್ಲುತ್ತದೆ. ಮಲೆನಾಡಿನ ಅರ್ಧ ಜಗಳಗಳಿಗೆ ಕಾರಣ ಇದೇ.

ಮುಳುಗಡೆಯವರ ಕಡತ

ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ, 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂದಿತ್ತು, ಈಗ ಅದೂ ಲಿಂಗನಮಕ್ಕಿಯ ನೀರಿನೊಳಗೆ ಇದೆ. ಮನೆ, ಗದ್ದೆ, ತೋಟ ಬಿಟ್ಟವರನ್ನು ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ, ಶಿವಮೊಗ್ಗ ಅಂತ ಚದುರಿಸಿ ಕೂರಿಸಿದರು. ಕೊಟ್ಟ ಜಾಗ ಬಹಳ ಕಡೆ ಅರಣ್ಯವೇ. ಕಾಡು ಕಡಿದು ಸಾಗುವಳಿ ಮಾಡಿಕೊಳ್ಳಿ ಅಂತ ಆಗಿನ ಸರ್ಕಾರವೇ ಹೇಳಿತ್ತು.

ಆಗ ಕಾಡು ರಾಜ್ಯದ ವಿಷಯ. ಕೊಟ್ಟ ಜಾಗವನ್ನು ಅರಣ್ಯದ ದಾಖಲೆಯಿಂದ ತೆಗೆದು ಕಂದಾಯಕ್ಕೆ ಸೇರಿಸಲು ಯಾರನ್ನೂ ಕೇಳಬೇಕಿರಲಿಲ್ಲ. ಒಂದು ಆದೇಶ, ಒಂದು ಸರ್ವೆ, ಒಂದು ಗೆಜೆಟ್ ಪ್ರಕಟಣೆ. ಅದನ್ನು ಪೂರ್ತಿ ಮಾಡಲಿಲ್ಲ. 1964ರಿಂದ 1980ರ ತನಕ ಹದಿನಾರು ವರ್ಷ ಸಿಕ್ಕಿತ್ತು. ಜನ ಸಾಗುವಳಿ ಮಾಡುತ್ತಾ ಹೋದರು, ದಾಖಲೆಯಲ್ಲಿ ಅದು ಕಾಡಾಗಿಯೇ ಉಳಿಯಿತು. ದೆಹಲಿಯ ಮೇಲೆ ಬೆರಳು ತೋರಿಸುವ ಮುಂಚೆ ಈ ಹದಿನಾರು ವರ್ಷದ ಲೆಕ್ಕವನ್ನು ಬೆಂಗಳೂರು ಕೊಡಬೇಕು ಅಂತ ನನಗೆ ಅನ್ನಿಸುತ್ತದೆ. ಈ ತಪ್ಪಿಗೆ ಯಾವ ಒಂದು ಪಕ್ಷವೂ ವಾರಸುದಾರ ಅಲ್ಲ, ಅದಕ್ಕೇ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

1980ರ ಕಾಯ್ದೆ ಬಂದ ಮೇಲೆ ಅದೇ ಕೆಲಸಕ್ಕೆ ಕೇಂದ್ರದ ಸಹಿ ಬೇಕಾಯಿತು. ರಾಜ್ಯ ಏನು ಮಾಡಿತು? 1990ರ ದಶಕದಿಂದ ಈಚೆಗೆ ಬೇರೆ ಬೇರೆ ಸರ್ಕಾರಗಳು ಕೇಂದ್ರವನ್ನು ಕೇಳದೆಯೇ ತುಂಡು ತುಂಡಾಗಿ ಡಿನೋಟಿಫಿಕೇಶನ್, ಅಂದರೆ ಅರಣ್ಯದ ದಾಖಲೆಯಿಂದ ಕೈಬಿಡುವ, ಆದೇಶಗಳನ್ನು ಹೊರಡಿಸಿದವು. ಹಕ್ಕುಪತ್ರ ಹಂಚುವ ಸಮಾರಂಭಗಳೂ ಆದವು. ಆದರೆ ಕಾಯ್ದೆಯ ಮುಂದೆ ಆ ಕಾಗದ ನಿಲ್ಲುವಂಥದ್ದಲ್ಲ. ವಿಷಯ ಹೈಕೋರ್ಟಿಗೆ ಹೋಯಿತು, ಕೇಂದ್ರದ ಒಪ್ಪಿಗೆ ಇಲ್ಲದ ಡಿನೋಟಿಫಿಕೇಶನ್ ನಿಲ್ಲದು ಅಂತಾಯಿತು. 2021ರಲ್ಲಿ ರಾಜ್ಯ ಸರ್ಕಾರ ತನ್ನದೇ ಹಳೆಯ ಆದೇಶಗಳನ್ನು ವಾಪಸ್ ತೆಗೆದುಕೊಂಡಿತು. ಜನ ಕೈಯಲ್ಲಿ ಹಕ್ಕುಪತ್ರ ಹಿಡಿದುಕೊಂಡೇ ಮತ್ತೆ ಒತ್ತುವರಿದಾರರ ಪಟ್ಟಿಗೆ ಬಂದರು.

ಕೇಂದ್ರ ಯಾವತ್ತೂ ಒಪ್ಪುವುದೇ ಇಲ್ಲ ಅಂತೇನಿಲ್ಲ. 1978ರ ಏಪ್ರಿಲ್ 27ಕ್ಕಿಂತ ಮುಂಚಿನ ಅರಣ್ಯ ಸಾಗುವಳಿಯಲ್ಲಿ ಸುಮಾರು 14,800 ಹೆಕ್ಟೇರನ್ನು ಸಕ್ರಮ ಮಾಡಲು 1996ರಲ್ಲಿ ಕೇಂದ್ರವೇ ಕರ್ನಾಟಕಕ್ಕೆ ಒಪ್ಪಿಗೆ ಕೊಟ್ಟಿತ್ತು. ಸರ್ವೆ ಆಗಿ, ಪಟ್ಟಿ ಆಗಿ, ಷರತ್ತು ಒಪ್ಪಿ ಕಡತ ಹೋದರೆ ಎರಡನೇ ಸಹಿ ಬೀಳುತ್ತದೆ ಅಂತಾಯಿತು. ಅಂದರೆ ದಾರಿ ಇತ್ತು. ಆದರೆ ಅದು ಉದ್ದದ ದಾರಿ, ಮುಂದಿನ ಚುನಾವಣೆಯೊಳಗೆ ಮುಗಿಯುವಂಥದ್ದಲ್ಲ.

75 ವರ್ಷದ ಷರತ್ತು

ಹಾಗಾದರೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಇದನ್ನು ಮಾಡಿದ್ದು ಸಂಸತ್ತು, ಜಾರಿ ಮಾಡುವುದು ರಾಜ್ಯ. ಗ್ರಾಮಸಭೆ, ಎಸಿ (ಉಪವಿಭಾಗಾಧಿಕಾರಿ) ಮಟ್ಟದ ಸಮಿತಿ, ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಅಂತ ಮೂರು ಹಂತ. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದರೆ ಸಾಕು. ಉಳಿದವರು, ಅಂದರೆ ಮಲೆನಾಡಿನ ಬಹುತೇಕ ಸಣ್ಣ ಹಿಡುವಳಿದಾರರು, ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು.

ಲೆಕ್ಕ ಹಾಕಿ ನೋಡಿ. 2005ರಿಂದ 75 ವರ್ಷ ಹಿಂದೆ ಹೋದರೆ 1930. ಶರಾವತಿ ಸಂತ್ರಸ್ತರು ಈಗಿರುವ ಜಾಗಕ್ಕೆ ಬಂದದ್ದೇ ಅಣೆಕಟ್ಟಿನ ಕಾಲದಲ್ಲಿ. 1930ರಲ್ಲಿ ಅವರ ಅಜ್ಜ ಉಳುತ್ತಿದ್ದ ಗದ್ದೆ ಈಗ ನೀರಿನಡಿ ಇದೆ. ಸರ್ಕಾರವೇ ಎಬ್ಬಿಸಿ ತಂದು ಕೂರಿಸಿದವರಿಗೆ ಈ ಕಾಯ್ದೆಯ ಬಾಗಿಲು ದಾಟುವುದೇ ಕಷ್ಟ. ಅವರು ಅಂತಲ್ಲ, ರಾಜ್ಯದಲ್ಲಿ ಈ ಕಾಯ್ದೆಯಡಿ ಬಂದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ.

75 ವರ್ಷವನ್ನು 25 ಮಾಡಿ ಅನ್ನುವ ಒತ್ತಾಯ ಬಹಳ ದಿನದಿಂದ ಇದೆ. ಅದನ್ನು ಮಾಡಬೇಕಾದದ್ದು ಸಂಸತ್ತು. ಈ ವಿಷಯದಲ್ಲಿ ಮನವಿ ಹಿಡಿದು ಎಂಎಲ್‌ಎ ಮನೆಗೆ ಹೋಗಿ ಪ್ರಯೋಜನ ಇಲ್ಲ, ಎಂಪಿ ಹತ್ತಿರ ಹೋಗಬೇಕು. ಆದರೆ ಅರ್ಜಿಯನ್ನು ಸರಿಯಾಗಿ ಓದದೆ, ಹಿರಿಯರ ಹೇಳಿಕೆ ಪಡೆಯದೆ, ಸ್ಥಳ ನೋಡದೆ ತಿರಸ್ಕರಿಸಿದ್ದರೆ ಅದು ರಾಜ್ಯದ ಸಮಿತಿಯ ತಪ್ಪು. ಅಲ್ಲಿ ದೆಹಲಿಯ ಹೆಸರು ಹೇಳುವಂತಿಲ್ಲ.

ನೋಟಿಸ್ ಬರುವುದು ಎಲ್ಲಿಂದ

ಒತ್ತುವರಿ ತೆರವಿಗೆ ಮನೆ ಬಾಗಿಲಿಗೆ ಬರುವ ನೋಟಿಸ್ ಸಾಮಾನ್ಯವಾಗಿ ಕರ್ನಾಟಕ ಅರಣ್ಯ ಕಾಯ್ದೆಯ 64ಎ ಸೆಕ್ಷನ್ನಿನದ್ದು. ರಾಜ್ಯದ ಕಾನೂನು, ರಾಜ್ಯದ ಅಧಿಕಾರಿ, ರಾಜ್ಯದ ಮೇಲ್ಮನವಿ ವ್ಯವಸ್ಥೆ. 2024ರ ಜುಲೈ ಕೊನೆಗೆ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಆಗಸ್ಟಿನಲ್ಲಿ ನಮ್ಮ ಅರಣ್ಯ ಸಚಿವರು ಪಶ್ಚಿಮ ಘಟ್ಟದಲ್ಲಿ 2015ರ ನಂತರದ ಒತ್ತುವರಿ ತೆರವಿಗೆ ಆದೇಶ ಕೊಟ್ಟರು. ಇದಕ್ಕೆ ಕೇಂದ್ರದ ಅಪ್ಪಣೆ ಬೇಕಿರಲಿಲ್ಲ, ಕೇಳಲೂ ಇಲ್ಲ.

ಇನ್ನು ಅದೇ ಗುಡ್ಡದ ನೆಲ ಕಂದಾಯ ದಾಖಲೆಯಲ್ಲಿ ಗೋಮಾಳ ಅಥವಾ ಸರ್ಕಾರಿ ಪಡ ಅಂತಿದ್ದರೆ ಕಥೆಯೇ ಬೇರೆ. ಸಾಗುವಳಿ ಸಕ್ರಮಕ್ಕೆ ನಮೂನೆ 50, 53, 57 ಅಂತ ಅರ್ಜಿ ಕರೆದಿದ್ದರು, ಬಗರ್‌ಹುಕುಂ ಸಮಿತಿ ಮಂಜೂರು ಮಾಡಬಹುದು. ಎಲ್ಲ ರಾಜ್ಯದಲ್ಲೇ ಮುಗಿಯುತ್ತದೆ. ಬೇಲಿಯ ಈಚೆ ಇದ್ದವನಿಗೆ ತಹಶೀಲ್ದಾರ್ ಆಫೀಸು, ಆಚೆ ಇದ್ದವನಿಗೆ ದೆಹಲಿ. ಆದರೆ ಬೇಲಿ ಎಲ್ಲಿದೆ ಅನ್ನುವುದೇ ಎಷ್ಟೋ ಹಳ್ಳಿಗಳಲ್ಲಿ ತೀರ್ಮಾನ ಆಗಿಲ್ಲ. ಒಂದೇ ಸರ್ವೆ ನಂಬರನ್ನು ಕಂದಾಯದವರು ತಮ್ಮದು ಅನ್ನುತ್ತಾರೆ, ಅರಣ್ಯದವರು ತಮ್ಮದು ಅನ್ನುತ್ತಾರೆ. ಕಾನು (ಊರ ಪಕ್ಕದ ದಟ್ಟ ಕಾಡು), ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಗುಡ್ಡ) ವಿಷಯದಲ್ಲಂತೂ ಈ ಗೊಂದಲ ಜಾಸ್ತಿ. ಗಮನಿಸಿ, ಈ ಎರಡೂ ರಾಜ್ಯದ್ದೇ ಇಲಾಖೆಗಳು. ಜಂಟಿ ಸರ್ವೆ ಮಾಡಿ ಗಡಿ ಗುರುತಿಸಲು ಕೇಂದ್ರ ಬೇಡ, ಸಾಕಷ್ಟು ಸರ್ವೆಯರ್‌ಗಳು ಬೇಕು.

ಪರಿಭಾವಿತ ಅರಣ್ಯ, ಅಂದರೆ ನಾವೆಲ್ಲ ಡೀಮ್ಡ್ ಫಾರೆಸ್ಟ್ ಅನ್ನುವುದು (ಅರಣ್ಯ ಅಂತ ಘೋಷಣೆ ಆಗದಿದ್ದರೂ ಕಾಡು ಅಂತಲೇ ಪರಿಗಣಿಸುವ ನೆಲ), ರಾಜ್ಯಕ್ಕೆ ಇನ್ನೂ ಎಷ್ಟು ಕೈ ಇದೆ ಎಂಬುದಕ್ಕೆ ಒಳ್ಳೆ ಉದಾಹರಣೆ. ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಅಂತ ಗುರುತಿಸಿದ್ದನ್ನು 2022ರಲ್ಲಿ ರಾಜ್ಯ ಸರ್ಕಾರ ಸುಮಾರು 3.30 ಲಕ್ಷಕ್ಕೆ ಇಳಿಸಿತು. ಅಷ್ಟು ದೊಡ್ಡ ಬದಲಾವಣೆ ಬೆಂಗಳೂರಿನ ಪಟ್ಟಿಯಿಂದಲೇ ಆಯಿತು.

ಕೋರ್ಟು ಮಧ್ಯೆ ಬಂದದ್ದು

ಈ ಪಟ್ಟಿಯ ಮೂಲ 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದಲ್ಲಿದೆ. ಗೋದಾವರ್ಮನ್ ಪ್ರಕರಣ ಅಂತ ಅದಕ್ಕೆ ಹೆಸರು. ದಾಖಲೆಯಲ್ಲಿ ಏನೇ ಇರಲಿ, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡು ಆಗಿರುವುದಕ್ಕೂ 1980ರ ಕಾಯ್ದೆ ಅನ್ವಯ ಆಗುತ್ತದೆ ಅಂತ ಕೋರ್ಟ್ ಹೇಳಿತು. ಅಲ್ಲಿಗೆ ಮೀಸಲು ಅರಣ್ಯದ ಆಚೆಗೂ ಎರಡು ಸಹಿಯ ನಿಯಮ ಹಬ್ಬಿತು.

2000ದ ನವೆಂಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಮುಂದಿನ ಆದೇಶದ ತನಕ ಯಾವ ಅರಣ್ಯ, ಅಭಯಾರಣ್ಯವನ್ನೂ ಮೀಸಲಿನಿಂದ ಬಿಡುವಂತಿಲ್ಲ ಅಂತ. ಹೀಗಾಗಿ ಈಗ ಕೇಂದ್ರ ಒಪ್ಪಿದರೂ ಸುಪ್ರೀಂ ಕೋರ್ಟಿಗೆ ಹೋಗಬೇಕು. ಶರಾವತಿ ಸಂತ್ರಸ್ತರ ವಿಷಯ ಸುಪ್ರೀಂ ಕೋರ್ಟ್ ಬಾಗಿಲಿಗೆ ಬಂದದ್ದು ಯಾಕೆ ಅಂತ ಬಹಳ ಜನ ಕೇಳುತ್ತಾರೆ, ಕಾರಣ ಇದು. ಎರಡು ಇದ್ದ ಸಹಿ ಮೂರಾಯಿತು.

ಕಸ್ತೂರಿರಂಗನ್ ವರದಿ: ಆರು ಕರಡು, ಒಂದೂ ಅಂತಿಮ ಇಲ್ಲ

2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟವು. ಎರಡನೆಯದರ ಆಧಾರದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಘೋಷಿಸಲು ಕೇಂದ್ರ 2014ರಿಂದ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. 2024ರ ಜುಲೈ 31ರದ್ದು ಆರನೆಯದು. ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದೇ 20,668. ಎಲ್ಲ ರಾಜ್ಯಗಳಿಗಿಂತ ನಮ್ಮದೇ ಜಾಸ್ತಿ. ಸೆಪ್ಟೆಂಬರ್ 2024ರಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಇದಕ್ಕೂ ಹಿಂದಿನ ಸರ್ಕಾರಗಳ ನಿಲುವೂ ಬೇರೆ ಇರಲಿಲ್ಲ.

ಹಾಗಾದರೆ ಮುಗಿಯಿತಾ? ಇಲ್ಲ. ಈ ಘೋಷಣೆ ಬರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ. ಆ ಕಾಯ್ದೆಯನ್ನು ಸಂಸತ್ತು ಮಾಡಿದ್ದು 253ನೇ ವಿಧಿಯ ಬಲದ ಮೇಲೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಜಾರಿ ಮಾಡುತ್ತೇವೆ ಅಂತ. ಅಂತರರಾಷ್ಟ್ರೀಯ ಒಪ್ಪಂದ ಅಥವಾ ತೀರ್ಮಾನದ ಜಾರಿಗೆ ಅಂತಾದರೆ ಸಂಸತ್ತು ರಾಜ್ಯ ಪಟ್ಟಿಯ ವಿಷಯಕ್ಕೂ ಕೈ ಹಾಕಬಹುದು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ರಾಜ್ಯದ ಒಪ್ಪಿಗೆ ಕಡ್ಡಾಯ ಅಲ್ಲ. ಸಂಪುಟದ ತಿರಸ್ಕಾರ ಒಂದು ಆಕ್ಷೇಪಣೆ ಅಷ್ಟೇ, ಕೇಂದ್ರ ಅದನ್ನು ಬದಿಗಿಟ್ಟು ಅಂತಿಮ ಆದೇಶ ಹೊರಡಿಸಬಹುದು.

ಆದರೂ ಹೊರಡಿಸಿಲ್ಲ. ಯಾಕೆ? ಗಣಿ, ಕಲ್ಲು ಕ್ವಾರಿ ನಿಂತಿವೆಯೇ, ಕೆಂಪು ವರ್ಗದ, ಅಂದರೆ ಹೆಚ್ಚು ಮಾಲಿನ್ಯ ಮಾಡುವ, ಹೊಸ ಕಾರ್ಖಾನೆ ಬಂತೇ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಎದ್ದಿತೇ ಅಂತ ದಿನ ದಿನ ನೋಡಬೇಕಾದವರು ರಾಜ್ಯದ ಅಧಿಕಾರಿಗಳು. ರಾಜ್ಯ ಬೇಡ ಅಂದದ್ದನ್ನು ರಾಜ್ಯದ ಕೈಯಿಂದಲೇ ಜಾರಿ ಮಾಡಿಸುವುದು ಹೇಗೆ? ಜೊತೆಗೆ ಈ ಜಿಲ್ಲೆಗಳ ಸಂಸದರು ಯಾವ ಪಕ್ಷದವರಾದರೂ ಊರಿಗೆ ಬಂದಾಗ ವರದಿಯ ವಿರುದ್ಧವೇ ಮಾತಾಡಬೇಕು. ಕರಡು ಹೊರಡಿಸುತ್ತಾ ಹೋದರೆ ಹಸಿರು ನ್ಯಾಯಮಂಡಳಿಗೆ ಉತ್ತರ ಕೊಟ್ಟಂತಾಯಿತು, ಅಂತಿಮ ಮಾಡದಿದ್ದರೆ ಮತದಾರನಿಗೂ ತೊಂದರೆ ಇಲ್ಲ. ಹತ್ತು ವರ್ಷ ಹೀಗೇ ಕಳೆಯಿತು.

ಒಂದು ಮಾತು ಸೇರಿಸಲೇಬೇಕು. ಕರಡಿನಲ್ಲಿ ಊರು ಖಾಲಿ ಮಾಡಿಸುವ ಮಾತಿಲ್ಲ, ಜಮೀನು ಮಾರುವುದಕ್ಕೆ ಕೊಳ್ಳುವುದಕ್ಕೆ ತಡೆಯೂ ಇಲ್ಲ. ಆದರೆ ಅರಣ್ಯ ಇಲಾಖೆಯ ಜೊತೆ ಐವತ್ತು ವರ್ಷ ಗುದ್ದಾಡಿದ ಜನ ಹೊಸ ಕಾಗದವನ್ನು ನಂಬಲಿಲ್ಲ ಅಂದರೆ ಆಶ್ಚರ್ಯ ಪಡಬೇಕಿಲ್ಲ.

ರಾಜ್ಯವೇ ಅರ್ಜಿ ಹಾಕಿದಾಗ

ಈಗ ಇದೇ ಕಥೆಯನ್ನು ತಿರುಗಿಸಿ ನೋಡಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ 2,000 ಮೆಗಾವ್ಯಾಟ್‌ನದ್ದು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೆಲದಡಿ ಸುರಂಗ ಕೊರೆದು, ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವ ಯೋಜನೆ. ಜಾಗ ಸಿಂಗಳೀಕ ಅಭಯಾರಣ್ಯದ ಒಳಗೆ. ಮಾಡಲು ಹೊರಟಿರುವುದು ರಾಜ್ಯದ ನಿಗಮ.

ಇಲ್ಲಿ ಕಾಡು ಬಿಡಿ ಅಂತ ಕೇಳುತ್ತಿರುವವರು ರಾಜ್ಯದವರು, ಯಾಕೆ ಬಿಡಬೇಕು ಅಂತ ಕೇಳಬೇಕಾದವರು ಕೇಂದ್ರದ ಸಮಿತಿಗಳು. ಗುಡ್ಡದ ಸಣ್ಣ ಸಾಗುವಳಿದಾರನ ಕಡತಕ್ಕೆ ಸಿಗದ ಅವಸರ ಈ ಕಡತಕ್ಕೆ ಸಿಗುತ್ತದೆ ಎನ್ನುವುದನ್ನು ಯಾರಾದರೂ ಗಮನಿಸಬಹುದು. ವಿಚಿತ್ರ ಅಂದರೆ ಕಸ್ತೂರಿರಂಗನ್ ವಿಷಯದಲ್ಲಿ ದೆಹಲಿಯ ಅಧಿಕಾರ ಬೇಡ ಅಂದ ಊರಿನವರೇ ಇಲ್ಲಿ ದೆಹಲಿ ತಡೆಯಲಿ ಅಂತ ಕಾಯುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಅವರಿಗೆ ಬೇಕಾದದ್ದು ತಮ್ಮನ್ನು ಕೇಳಿ ಮಾಡುವ ಸರ್ಕಾರ, ಅದು ಯಾವ ಊರಲ್ಲಿ ಕೂತಿದೆ ಎನ್ನುವುದಲ್ಲ.

ಎರಡು ಕಡೆಯ ವಾದ

ಕೇಂದ್ರದ ಹಿಡಿತ ಬೇಕು ಅನ್ನುವವರ ಬಳಿ ಗಟ್ಟಿ ಲೆಕ್ಕ ಇದೆ. 1980ಕ್ಕೆ ಮುಂಚೆ ದೇಶದಲ್ಲಿ ವರ್ಷಕ್ಕೆ ಸರಾಸರಿ ಒಂದೂವರೆ ಲಕ್ಷ ಹೆಕ್ಟೇರ್ ಕಾಡು ಬೇರೆ ಕೆಲಸಕ್ಕೆ ಹೋಗುತ್ತಿತ್ತು ಅಂತ ಸರ್ಕಾರದ ಅಂಕಿ ಅಂಶ ಹೇಳುತ್ತದೆ, ಕಾಯ್ದೆ ಬಂದ ಮೇಲೆ ಅದು ಬಹಳ ಇಳಿಯಿತು. ಊರಿನ ಒತ್ತಡ, ಚುನಾವಣೆ, ಗಣಿ ದುಡ್ಡು ಇವೆಲ್ಲ ರಾಜಧಾನಿಗಿಂತ ಜಿಲ್ಲೆಯಲ್ಲಿ ಬೇಗ ಕೆಲಸ ಮಾಡುತ್ತವೆ. ತುಂಗೆ ಮತ್ತು ಭದ್ರೆ ಹುಟ್ಟುವ ಕಾಡು ಹೋದರೆ ನಷ್ಟ ಮಲೆನಾಡಿಗೆ ಮಾತ್ರ ಅಲ್ಲ, ಕೆಳಗಿನ ಬಳ್ಳಾರಿ, ರಾಯಚೂರು, ಆಂಧ್ರ, ತೆಲಂಗಾಣಕ್ಕೂ.

ರಾಜ್ಯದ ಕಡೆಯ ವಾದವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ದೆಹಲಿಯ ನಿಯಮ ಸಣ್ಣವರಿಗೆ ಬಿಗಿ, ದೊಡ್ಡ ಯೋಜನೆಗೆ ಸಡಿಲ ಅನ್ನುತ್ತಾರೆ. 2023ರ ತಿದ್ದುಪಡಿಯಲ್ಲಿ ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರ್ ಒಳಗಿನ ಭದ್ರತೆಗೆ ಸಂಬಂಧಿಸಿದ ಕೆಲವು ಯೋಜನೆಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಟ್ಟರು. ಬೇಕು ಅನ್ನಿಸಿದರೆ ಬಿಡಲು ಬರುತ್ತದೆ, ಹಾಗಾದರೆ ಮುಳುಗಡೆಯವರಿಗೆ ಒಂದು ಸಾಲು ಸೇರಿಸಲು ಯಾಕೆ ಬರುವುದಿಲ್ಲ?

ಸಮವರ್ತಿ ಪಟ್ಟಿಯ ವಿಷಯಕ್ಕೆ ಕಾನೂನು ಮಾಡುವ ಮುಂಚೆ ಕೇಂದ್ರ ರಾಜ್ಯಗಳ ಜೊತೆ ಕೂತು ಮಾತಾಡಬೇಕು ಅಂತ 1988ರಲ್ಲೇ ಸರ್ಕಾರಿಯಾ ಆಯೋಗ ಹೇಳಿತ್ತು, 2010ರಲ್ಲಿ ಪುಂಛಿ ಆಯೋಗವೂ ಹೇಳಿತು. ಮಾತಾಡಲು ಅಂತಾರಾಜ್ಯ ಮಂಡಳಿ 1990ರಲ್ಲಿ ಬಂತು. 2016ರ ಜುಲೈನಲ್ಲಿ ಅದು ಸಭೆ ಸೇರಿತ್ತು, ಆಮೇಲೆ ವರ್ಷಗಟ್ಟಲೆ ಸೇರಲೇ ಇಲ್ಲ. ಈ ವಾದಗಳೆಲ್ಲ ಪತ್ರಿಕಾಗೋಷ್ಠಿಗಳಲ್ಲಿ ನಡೆಯುತ್ತಿವೆ, ನಡೆಯಬೇಕಾದ ಕೋಣೆಗೆ ಬೀಗ.

ಒಬ್ಬರ ಕೈಯಲ್ಲೇ ಇದ್ದರೆ ಸರಿಹೋಗುತ್ತಿತ್ತೇ?

ಭದ್ರಾವತಿಗೆ ಹೋಗಿ ನೋಡಿ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯನ್ನು ರಾಜ್ಯ 1989ರಲ್ಲಿ ಕೇಂದ್ರದ ಉಕ್ಕು ಕಂಪನಿ ಸೈಲ್‌ಗೆ ಕೊಟ್ಟಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವುದಾಗಿ ಸೈಲ್ ಹೇಳಿತು, ಆಮೇಲೆ ಉಳಿಸುವ ಭರವಸೆಗಳು ಬರುತ್ತಿವೆ. ಅದೇ ಊರಿನ ಎಂಪಿಎಂ ಕಾಗದದ ಕಾರ್ಖಾನೆ ರಾಜ್ಯದ ಕೈಯಲ್ಲೇ ಇತ್ತು, 2015ರಲ್ಲಿ ಉತ್ಪಾದನೆ ನಿಂತಿತು. ಒಂದೇ ಊರು, ಒಂದು ಕೇಂದ್ರದ್ದು, ಒಂದು ರಾಜ್ಯದ್ದು, ಎರಡರ ಕಾರ್ಮಿಕರೂ ಬೀದಿಗೆ ಬಂದರು. ಅಧಿಕಾರ ಯಾರ ಹತ್ತಿರ ಇದೆ ಎನ್ನುವುದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ.

ಆದರೆ ಒಬ್ಬರದ್ದೇ ಅಧಿಕಾರ ಇದ್ದಾಗ ಒಂದು ಅನುಕೂಲ ಇದೆ, ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಅಡಿಕೆ ಆಮದು ಹಾಗೆ. ವಿದೇಶ ವ್ಯಾಪಾರ ಪೂರ್ತಿ ಕೇಂದ್ರದ್ದು. ಬೆಳೆಗಾರರ ಸಹಕಾರ ಸಂಘಗಳು ನೇರ ದೆಹಲಿಗೆ ಹೋದವು, 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿ ಆಯಿತು. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ಷರತ್ತು ಇಲ್ಲದೆ ಬಿಟ್ಟಾಗಲೂ ಯಾರನ್ನು ಬೈಯಬೇಕು ಅಂತ ಮಂಡಿಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕಾಡಿನ ವಿಷಯದಲ್ಲಿ ಈ ಸ್ಪಷ್ಟತೆಯೇ ಇಲ್ಲ.

ಮುಂದೆ ಏನಾಗಬಹುದು

ಕಾಡನ್ನು ರಾಜ್ಯ ಪಟ್ಟಿಗೆ ವಾಪಸ್ ತರುವುದು ಸದ್ಯಕ್ಕೆ ಆಗುವ ಮಾತಲ್ಲ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕು. ಹಾಗಾಗಿ ಎರಡು ಸಹಿಯ ವ್ಯವಸ್ಥೆಯ ಒಳಗೇ ದಾರಿ ಹುಡುಕಬೇಕು.

ಶರಾವತಿ ಕಡತ ನಿಜವಾಗಿ ಮುಂದೆ ಹೋಗಬೇಕಾದರೆ ಕ್ರಮ ಹೀಗಿರುತ್ತದೆ. ಮೊದಲು ಜಂಟಿ ಸರ್ವೆ ಮುಗಿಯಬೇಕು, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ, ಯಾರ ಸಾಗುವಳಿ, 1980ಕ್ಕೆ ಮುಂಚೆ ಕೊಟ್ಟದ್ದಕ್ಕೆ ಯಾವ ಆದೇಶದ ಪ್ರತಿ ಇದೆ ಎಲ್ಲ ಬರೆದಿರಬೇಕು. ಈ ಕೊನೆಯದೇ ಮುಖ್ಯ. ಕಾಯ್ದೆಗೆ ಮುಂಚೆಯೇ ರಾಜ್ಯ ಕೊಟ್ಟ ನೆಲ ಅಂತ ಸಾಬೀತಾದರೆ ಇದು ಹೊಸ ಒತ್ತುವರಿ ಅಲ್ಲ ಅಂತ ವಾದಿಸಬಹುದು. ಆ ಹಳೆ ಕಾಗದಗಳು ಡಿಸಿ ಆಫೀಸಿನಲ್ಲೋ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲೋ ಇರಬೇಕು, ಹುಡುಕುವ ಕೆಲಸ ರಾಜ್ಯದ್ದು. ಆಮೇಲೆ ಪ್ರಸ್ತಾವನೆ ಅರಣ್ಯದ ಒಪ್ಪಿಗೆಗೆ ಅರ್ಜಿ ಹಾಕುವ ಕೇಂದ್ರದ ಪರಿವೇಶ್ ಪೋರ್ಟಲ್‌ಗೆ ಹೋಗಬೇಕು, ಅಲ್ಲಿ ಒಪ್ಪಿಗೆ ಸಿಕ್ಕರೆ ಸುಪ್ರೀಂ ಕೋರ್ಟ್, ಅದಾದ ಮೇಲೆ ರಾಜ್ಯದ ಡಿನೋಟಿಫಿಕೇಶನ್, ಕೊನೆಗೆ ಪಹಣಿ. ಇದರಲ್ಲಿ ಯಾವ ಹಂತ ಬಿಟ್ಟು ಹಕ್ಕುಪತ್ರ ಹಂಚಿದರೂ 2021ರದ್ದೇ ಮತ್ತೆ ಆಗುತ್ತದೆ. ಪಹಣಿ ಇಲ್ಲದಷ್ಟು ಕಾಲ ಬ್ಯಾಂಕಿನ ಬೆಳೆ ಸಾಲವೂ ಇಲ್ಲ, ಬೆಳೆ ವಿಮೆಯೂ ಇಲ್ಲ.

ಇನ್ನೊಂದು ತೊಡಕನ್ನು ಯಾರೂ ವೇದಿಕೆಯಲ್ಲಿ ಹೇಳುತ್ತಿಲ್ಲ. ಅರಣ್ಯ ಬಿಡಿಸಿದರೆ ಸಾಮಾನ್ಯವಾಗಿ ಅಷ್ಟೇ ವಿಸ್ತೀರ್ಣದ ಅರಣ್ಯೇತರ ನೆಲವನ್ನು ಬದಲಿಗೆ ಕೊಟ್ಟು ಗಿಡ ನೆಡಬೇಕು ಎನ್ನುವುದು ಕೇಂದ್ರದ ಷರತ್ತು. ಸಾವಿರಾರು ಎಕರೆಗೆ ಬದಲಿ ನೆಲ ಎಲ್ಲಿಂದ ಬರುತ್ತದೆ? ಕಂದಾಯ ಇಲಾಖೆಯ ಹತ್ತಿರ ಉಳಿದಿರುವುದು ಗೋಮಾಳ, ಹುಲ್ಲುಬನ್ನಿ, ಖರಾಬು. ಅದರ ಮೇಲೆ ಈಗಾಗಲೇ ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು ಬೇರೆ ಇದ್ದಾರೆ. ಆ ನೆಲವನ್ನು ಗುರುತಿಸಿ ಕೊಡುವ ಅಧಿಕಾರ ಪೂರ್ತಿ ರಾಜ್ಯದ್ದು, ಷರತ್ತನ್ನು ಸಡಿಲಿಸುವ ಅಧಿಕಾರ ಪೂರ್ತಿ ಕೇಂದ್ರದ್ದು. ಮುಂದಿನ ಜಟಾಪಟಿ ಶುರುವಾಗುವುದು ಬಹುಶಃ ಇಲ್ಲಿಂದಲೇ.